ಚೌಕಟ್ಟಿಗಾಗಿ ಮುಖ ಹಿಗ್ಗಿಸಬೇಡ

ಮಗಳೇ, ತಿಪಟೂರಿನಲ್ಲೇ ಅಂಗಡಿ ಹಾಕಿ ಲಗ್ನಪತ್ರಿಕೆ, ಬ್ಯಾನರು, ಕೊಬ್ಬರಿ ಎಣ್ಣೆ ಬಾಟಲಿಯ ಲೇಬಲ್ಲು, ಮೊಬೈಲಿಗೆ ಬೇಕಾದ ಪೋಸ್ಟರು ಎಲ್ಲವನ್ನೂ ಮಾಡಿಕೊಡುತ್ತೇನೆ ಎಂದು ನೀನು ಹೊರಟದ್ದು ನನಗೆ ಬಹಳ ಹಿಡಿಸಿತು. ಓದಿದ ಮಕ್ಕಳು ಬೆಂಗಳೂರಿನ ರೈಲು ಹತ್ತುವುದೇ ರೂಢಿಯಾದ ಊರಿನಲ್ಲಿ ನೀನು ಇಲ್ಲೇ ಉಳಿದೆ. ಬಣ್ಣ, ತಂತ್ರಾಂಶ, ಹೊಸ ಫಾಂಟುಗಳು ಇವೆಲ್ಲ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಅಲ್ಲಿ ನಾನು ಬಾಯಿ ಹಾಕುವುದಿಲ್ಲ. ಶಾಲೆಯಲ್ಲಿ ಚಿತ್ರಕಲೆ ಕಲಿಸಿದವನಾಗಿ ಒಂದು ಮಾತು ಮಾತ್ರ ಹೇಳುತ್ತೇನೆ, ಕೇಳಿಸಿಕೋ. ಯಾವ ಚಿತ್ರವೇ ಆಗಲಿ, ಅದರ ಅಗಲಕ್ಕೂ ಎತ್ತರಕ್ಕೂ ಒಂದು ಅನುಪಾತವಿರುತ್ತದೆ. ನಿಮ್ಮ ಕಂಪ್ಯೂಟರಿನ ಭಾಷೆಯಲ್ಲಿ ಆಸ್ಪೆಕ್ಟ್ ರೇಶಿಯೋ. ಜಾಗ ತುಂಬಿಸುವ ಆತುರದಲ್ಲಿ ಅದನ್ನು ಮುರಿಯಬೇಡ.

ಮೊದಲು ಶ್ರದ್ಧಾಂಜಲಿ ಬ್ಯಾನರಿನ ವಿಷಯ. ಅದು ನಿನ್ನ ಅಂಗಡಿಗೆ ಬಂದೇ ಬರುತ್ತದೆ. ನಮ್ಮ ಕಡೆ ಹಿರಿಯರೊಬ್ಬರು ತೀರಿಕೊಂಡರೆ ಊರ ಬಾಗಿಲಲ್ಲೊಂದು, ಬಸ್ ನಿಲ್ದಾಣದ ಹತ್ತಿರವೊಂದು 'ಭಾವಪೂರ್ಣ ಶ್ರದ್ಧಾಂಜಲಿ' ಏಳುತ್ತದೆ. ಮನೆಯವರು ದುಃಖದಲ್ಲಿರುತ್ತಾರೆ, ಅವಸರದಲ್ಲೂ ಇರುತ್ತಾರೆ. ಅವರ ಕೈಗೆ ಸಿಗುವುದು ಯಾವುದೋ ಅರ್ಜಿಗೆಂದು ತೆಗೆಸಿದ ಪಾಸ್‌ಪೋರ್ಟ್ ಅಳತೆಯ ಫೋಟೊ: 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರ. ಬ್ಯಾನರು 6 ಅಡಿ ಅಗಲ, 4 ಅಡಿ ಎತ್ತರ. ಫೋಟೊ ನಿಂತಿದೆ, ಬ್ಯಾನರು ಮಲಗಿದೆ. ಎಷ್ಟೋ ಕಡೆ ಏನು ಮಾಡುತ್ತಾರೆಂದರೆ, ಫೋಟೊದ ಬದಿಯನ್ನು ಮೌಸಿನಲ್ಲಿ ಹಿಡಿದು ಜಾಗ ತುಂಬುವ ತನಕ ಎಳೆಯುತ್ತಾರೆ. ಬರೀ ಚೌಕಕ್ಕೆ ಎಳೆದರೂ ಮುಖ ಕಾಲುಭಾಗಕ್ಕಿಂತ ಹೆಚ್ಚು ಅಗಲವಾಗುತ್ತದೆ. ಇಡೀ ಬ್ಯಾನರಿಗೆ ಎಳೆದರೆ ಹೆಚ್ಚೂಕಡಿಮೆ ಎರಡರಷ್ಟು. ಜೀವಮಾನವಿಡೀ ತೋಟದಲ್ಲಿ ದುಡಿದು ಒಣಗಿದ್ದ ಅಜ್ಜಿಯ ಕೆನ್ನೆ ಊದಿಕೊಂಡು ಕಾಣುತ್ತದೆ. ಊರು ಆಕೆಯನ್ನು ಕೊನೆಯ ಬಾರಿ ನೋಡುವುದು ಆ ರೂಪದಲ್ಲಿ. ಮಕ್ಕಳಿಗೆ ಏನೋ ಸರಿಯಿಲ್ಲ ಎನ್ನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ, ಸುಮ್ಮನಾಗುತ್ತಾರೆ. ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇದಕ್ಕೆ ದಾರಿ ಎಷ್ಟು ಸುಲಭ ನೋಡು. ಬ್ಯಾನರನ್ನು ನಡುವೆ ಎರಡು ಮಾಡು. ಪ್ರತಿ ಅರ್ಧವೂ 3 ಅಡಿ ಅಗಲ, 4 ಅಡಿ ಎತ್ತರವಾಯಿತು. 4 ಅಡಿ ಎತ್ತರಕ್ಕೆ ಆ ಪಾಸ್‌ಪೋರ್ಟ್ ಫೋಟೊವನ್ನು ಸರಿಯಾಗಿ ದೊಡ್ಡದು ಮಾಡಿದರೆ ಅದರ ಅಗಲ 3 ಅಡಿಗಿಂತ ಒಂದೂಕಾಲು ಅಂಗುಲದಷ್ಟು ಮಾತ್ರ ಹೆಚ್ಚಾಗುತ್ತದೆ. ಎರಡೂ ಬದಿಯ ಹಿನ್ನೆಲೆಯಲ್ಲಿ ಅಷ್ಟನ್ನು ಕತ್ತರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಅರ್ಧದಲ್ಲಿ ಅಜ್ಜಿ, ಇನ್ನೊಂದು ಅರ್ಧದಲ್ಲಿ ಹೆಸರು, ಊರು, ದಿನಾಂಕ. ಮುಖ ಮುಖವಾಗಿಯೇ ಉಳಿಯಿತು. ಹಾಗೆಯೇ ಇನ್ನೊಂದು ಮಾತು: ಪ್ಲಾಸ್ಟಿಕ್ ಫ್ಲೆಕ್ಸನ್ನು ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಿದ್ದಾರೆ. ಬಟ್ಟೆಯ ಮೇಲೆ ಮುದ್ರಿಸಿ ಕೊಡು. ಕೆಲಸ ಮುಗಿದ ಮೇಲೆ ಅದು ತೋಟದ ಬದುವಿನಲ್ಲಿ ವರ್ಷಗಟ್ಟಲೆ ಬಿದ್ದಿರುವುದಿಲ್ಲ.

ಅನುಪಾತ ಎಂದ ಕೂಡಲೇ ಗಣಿತ ಎಂದು ಹಿಂದೆ ಸರಿಯುವವರಿಗೆ ನಾನು ಸೈಟಿನ ಲೆಕ್ಕ ಹೇಳುತ್ತೇನೆ. ಹಾಸನ ರಸ್ತೆಯಲ್ಲೋ ಹುಳಿಯಾರಿನಲ್ಲೋ ಬಡಾವಣೆಯಾದರೆ ಜನ ಕೇಳುವುದು ಎರಡೇ: 'ಮೂವತ್ತು ನಲವತ್ತೋ, ಅರವತ್ತು ನಲವತ್ತೋ?' 30×40 ಎಂದರೆ 3:4. ಅದನ್ನೇ ಎರಡೂ ಕಡೆ ದುಪ್ಪಟ್ಟು ಮಾಡಿ 60×80 ಮಾಡಿದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ಆಕಾರ ಮಾತ್ರ ಅದೇ 3:4. ಒಂದು ಕಡೆ ಮಾತ್ರ ಹೆಚ್ಚಿಸಿ 60×40 ಮಾಡಿದರೆ ಆಕಾರವೇ ಬೇರೆ, 3:2. ಮೆಗಾಪಿಕ್ಸೆಲ್ ಎಷ್ಟು ಎಂಬುದು ಸೈಟಿನ ವಿಸ್ತೀರ್ಣವಿದ್ದ ಹಾಗೆ. ಅನುಪಾತ ಅದರ ಆಕಾರ. 30×40ಕ್ಕೆ ಬರೆದ ಮನೆಯ ನಕ್ಷೆಯನ್ನು 60×80ಕ್ಕೆ ಹಾಗೇ ದೊಡ್ಡದು ಮಾಡಬಹುದು. 60×40ಕ್ಕೆ ಹೊಸ ನಕ್ಷೆಯನ್ನೇ ಬರೆಯಬೇಕು. ಯಾವ ಮೇಸ್ತ್ರಿಯೂ ಹಳೆಯ ನಕ್ಷೆಯನ್ನು ಒಂದು ಬದಿಗೆ ಎಳೆದು ಕಟ್ಟುವುದಿಲ್ಲ.

ಬೇರೆ ಬೇರೆ ಯಂತ್ರಗಳು ಬೇರೆ ಬೇರೆ ಆಕಾರ ಹಿಡಿದದ್ದಕ್ಕೆ ಅವುಗಳದ್ದೇ ಇತಿಹಾಸವಿದೆ. 4:3 ಸಿನಿಮಾದಷ್ಟೇ ಹಳೆಯದು. 1890ರ ದಶಕದ ಮೊದಲಲ್ಲಿ ಎಡಿಸನ್ನನ ಪ್ರಯೋಗಾಲಯದಲ್ಲಿ ಡಿಕ್ಸನ್ ಎಂಬಾತ 35 ಮಿ.ಮೀ. ಫಿಲಂನಲ್ಲಿ ಈ ಆಕಾರ ಇಟ್ಟ. ಮುಂದೆ ಟಿವಿ ಪರದೆಯೂ ಅದೇ ಆಯಿತು. ದೂರದರ್ಶನವನ್ನು ನಾವು ಎಷ್ಟೋ ವರ್ಷ ನೋಡಿದ್ದು ಆ ಪೆಟ್ಟಿಗೆಯಲ್ಲೇ. ನಿನ್ನ ಮೊಬೈಲ್ ಕ್ಯಾಮೆರಾದ ಒಳಗಿನ ಸೆನ್ಸರು ಇವತ್ತಿಗೂ ಬಹುಪಾಲು 4:3. ಸ್ಟುಡಿಯೊದವರ ದೊಡ್ಡ ಕ್ಯಾಮೆರಾ 3:2. ಜರ್ಮನಿಯ ಓಸ್ಕರ್ ಬಾರ್ನಾಕ್ ಅದೇ ಸಿನಿಮಾ ಫಿಲಂ ಅನ್ನು ಅಡ್ಡ ಹಾಯಿಸಿ 36×24 ಮಿ.ಮೀ. ಚಿತ್ರ ತೆಗೆಯುವ ಕ್ಯಾಮೆರಾ ಮಾಡಿದ. 1925ರಲ್ಲಿ ಲೈಕಾ ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಆ ಆಕಾರವೇ ಇಂದಿಗೂ ನಡೆಯುತ್ತಿದೆ. ಈಗಿನ ಟಿವಿ, ಕಂಪ್ಯೂಟರುಗಳ 16:9 ಮಾತ್ರ ಲೆಕ್ಕ ಹಾಕಿ ಆರಿಸಿದ್ದು. 1980ರ ದಶಕದಲ್ಲಿ ಕರ್ನ್ಸ್ ಪವರ್ಸ್ ಎಂಬ ಎಂಜಿನಿಯರು ಬಳಕೆಯಲ್ಲಿದ್ದ ಆಕಾರಗಳನ್ನೆಲ್ಲ ಒಂದೇ ವಿಸ್ತೀರ್ಣಕ್ಕೆ ತಂದು ಒಂದರ ಮೇಲೊಂದು ಇಟ್ಟು ನೋಡಿದರು. ಹಳೆಯ ಟಿವಿಯ 1.33ಕ್ಕೂ ಸಿನಿಮಾಸ್ಕೋಪಿನ 2.35ಕ್ಕೂ ನಡುವೆ, ಎರಡಕ್ಕೂ ಸಮನಾಗಿ ಅನ್ಯಾಯ ಮಾಡುವ ಆಕಾರ ಅದು. ಎಲ್ಲರೂ ಸ್ವಲ್ಪ ಬಿಟ್ಟುಕೊಟ್ಟು ಒಪ್ಪಿದ ರಾಜಿ.

ಈ ರಾಜಿಯಲ್ಲಿ ಪೆಟ್ಟು ತಿಂದವರು ಯಾರು ಗೊತ್ತೇ? ನಮ್ಮೂರಿನವರೇ ಆದ ಹಾಸ್ಯನಟ ನರಸಿಂಹರಾಜು. ತಿಪಟೂರಿನಲ್ಲಿ ಹುಟ್ಟಿ, 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಜೊತೆಗೇ ಚಿತ್ರರಂಗಕ್ಕೆ ಕಾಲಿಟ್ಟವರು. 1965ರ 'ಸತ್ಯ ಹರಿಶ್ಚಂದ್ರ'ದ ನಕ್ಷತ್ರಿಕನನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಅವರ ಹಾಸ್ಯವೆಲ್ಲ ಆ ಬಡಕಲು ಮೈಯಲ್ಲಿ, ಉದ್ದ ಕತ್ತಿನಲ್ಲಿ, ಮುಂದೆ ಬಂದ ಹಲ್ಲಿನಲ್ಲಿ, ಸರಕ್ಕನೆ ತಿರುಗುವ ಚುರುಕಿನಲ್ಲಿ ಇತ್ತು. ಆ ಕಾಲದ ಕಪ್ಪು ಬಿಳುಪಿನ ಚಿತ್ರಗಳು ಹೆಚ್ಚೂಕಡಿಮೆ 4:3 ಆಕಾರದವು. ಸರಿಯಾಗಿ ಹೇಳಬೇಕೆಂದರೆ 1.37:1. ಹಾಲಿವುಡ್ಡಿನ ಅಕಾಡೆಮಿ 1932ರಲ್ಲಿ ಗೊತ್ತು ಮಾಡಿದ ಅಳತೆ ಅದು. ಈಗ ಮನೆಯ ಅಗಲ ಟಿವಿಯಲ್ಲಿ ಆ ಚಿತ್ರ ಬಂದಾಗ ಎಡಬಲಕ್ಕೆ ಕಪ್ಪು ಪಟ್ಟಿ ಕಾಣುತ್ತದೆಂದು ಯಾರೋ ರಿಮೋಟಿನಲ್ಲಿ 'ವೈಡ್' ಒತ್ತುತ್ತಾರೆ. ಕೆಲವು ಸಲ ಚಿತ್ರವೇ ಹಾಗೆ ಎಳೆದ ರೂಪದಲ್ಲಿ ಬಂದಿರುತ್ತದೆ. ನರಸಿಂಹರಾಜು ಅವರ ಮೂರಂಗುಲದ ಮುಖ ನಾಲ್ಕಂಗುಲವಾಗುತ್ತದೆ. ಬಡಕಲು ಮೈಯೇ ಹೋದ ಮೇಲೆ ನಗು ಎಲ್ಲಿಂದ ಬರಬೇಕು?

ಆ ಒಂದು ಉದಾಹರಣೆಯಲ್ಲೇ ನಿನ್ನ ಕೆಲಸದ ಪೂರ್ತಿ ಲೆಕ್ಕ ಇದೆ. 4:3 ಚಿತ್ರವನ್ನು 16:9 ಪರದೆಗೆ ತರಬೇಕಾದರೆ ಮೂರೇ ದಾರಿ. ಪಕ್ಕದಲ್ಲಿ ಜಾಗ ಬಿಟ್ಟರೆ ಪರದೆಯ ಕಾಲುಭಾಗ ಖಾಲಿ ಉಳಿಯುತ್ತದೆ. ಮೇಲೆ ಕೆಳಗೆ ಕತ್ತರಿಸಿದರೆ ಚಿತ್ರದ ಎತ್ತರದಲ್ಲಿ ಕಾಲುಭಾಗ ಹೋಗುತ್ತದೆ. ಎಳೆದರೆ ಎಲ್ಲರ ಅಗಲವೂ ಮೂರನೇ ಒಂದು ಭಾಗ ಹೆಚ್ಚುತ್ತದೆ. ಮೊದಲ ಎರಡು ದಾರಿಗಳಲ್ಲಿ ಏನೋ ಕಳೆದುಕೊಳ್ಳುತ್ತೀಯ, ನಿಜ. ಉಳಿದದ್ದಾದರೂ ನಿಜವಾಗಿ ಉಳಿಯುತ್ತದೆ. ಮೂರನೆಯದರಲ್ಲಿ ಏನೂ ಕಳೆದಂತೆ ಕಾಣುವುದಿಲ್ಲ, ಆದರೆ ಯಾವ ಭಾಗವೂ ನಿಜವಾಗಿರುವುದಿಲ್ಲ. ಹಾಗಾಗಿ ಆ ಮೂರನೆಯದನ್ನು ನಿನ್ನ ಅಂಗಡಿಯ ಹೊಸಿಲು ದಾಟಿ ಒಳಗೆ ಬಿಟ್ಟುಕೊಳ್ಳಬೇಡ. ಕಪ್ಪು ಪಟ್ಟಿಯನ್ನು ಕಂಡು ಗಿರಾಕಿ 'ಇದೇನು, ಪೂರ್ತಿ ಬಂದಿಲ್ಲ' ಎಂದರೆ ತಾಳ್ಮೆಯಿಂದ ತೋರಿಸಿಕೊಡು. ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ 'ಸೊಸೆ ತಂದ ಸೌಭಾಗ್ಯ', 1977ರದು. ಅಂಥ ಚಿತ್ರಗಳನ್ನು ಟಿವಿಯಲ್ಲಿ ಹಾಕಿದರೆ ಪಟ್ಟಿ ಮೇಲೆ ಕೆಳಗೆ ಬರುತ್ತದೆ. ಚಿತ್ರ ಪೂರ್ತಿ ಇದೆ ಎನ್ನುವುದಕ್ಕೆ ಆ ಪಟ್ಟಿಯೇ ಗುರುತು.

ಫೋಟೊ ತೆಗೆಯುವ ಹೊತ್ತಿಗೇ ಅದು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿದ್ದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ನಮ್ಮ ನಾಡಿನಲ್ಲಿ ಎರಡು ಬಗೆಯ ವಸ್ತುಗಳಿವೆ. ತೆಂಗಿನ ಮರ ನಿಂತಿದೆ, ತೋಟ ಮಲಗಿದೆ. ಒಂದೇ ಮರವನ್ನು ಬುಡದಿಂದ ಸುಳಿಯ ತನಕ ತೋರಿಸಲು ನಿಂತ ಚೌಕಟ್ಟು ಬೇಕು. ಮೊಬೈಲಿನ 9:16 ಅದಕ್ಕೆ ಹೇಳಿ ಮಾಡಿಸಿದ್ದು. ಮೂವತ್ತು ಅಡಿಗೊಂದರಂತೆ ಸಾಲು ಹಿಡಿದ ತೋಟಕ್ಕೆ, ಬೋರನಕಣಿವೆ ಜಲಾಶಯದ ನೀರಿನ ಹರವಿಗೆ, ತುರುವೇಕೆರೆಯಲ್ಲಿ ಕಾಲು ಮಡಚಿ ಕೂತ ನುಣುಪಾದ ಕಲ್ಲಿನ ನಂದಿಗೆ ಮಲಗಿದ ಚೌಕಟ್ಟೇ ಸರಿ. ಫೋನನ್ನು ಅಡ್ಡ ತಿರುಗಿಸುವ ಒಂದು ಕ್ಷಣದ ಕೆಲಸಕ್ಕೆ ಜನ ಸೋಮಾರಿತನ ಮಾಡುತ್ತಾರೆ.

ಮೊಬೈಲಿನ ಸೆಟ್ಟಿಂಗಿನಲ್ಲಿ 4:3, 16:9, 1:1, ಫುಲ್ ಎಂದೆಲ್ಲ ಇರುತ್ತದಲ್ಲ, ಅಲ್ಲಿ ಒಂದು ಗುಟ್ಟು ತಿಳಿದಿರಲಿ. ಸೆನ್ಸರು 4:3 ಆದ್ದರಿಂದ ಮಿಕ್ಕವೆಲ್ಲ ಅದನ್ನು ಕತ್ತರಿಸಿ ಕೊಡುವಂಥವು. 12 ಮೆಗಾಪಿಕ್ಸೆಲ್ ಎಂದರೆ 4000×3000. 16:9ಕ್ಕೆ ಇಟ್ಟರೆ 4000×2250 ಆಗುತ್ತದೆ, ಅಂದರೆ 9 ಮೆಗಾಪಿಕ್ಸೆಲ್. ಪರದೆಯ ತುಂಬ ಕಾಣುತ್ತದೆ ಎಂದು ಖುಷಿಪಟ್ಟು ಕಾಲುಭಾಗ ಚಿತ್ರವನ್ನು ಬಿಟ್ಟು ಬಂದ ಹಾಗಾಯಿತು. 4:3ರಲ್ಲೇ ತೆಗೆ. ಕತ್ತರಿ ಆಮೇಲೆ ನಿನ್ನ ಕೈಯಲ್ಲಿರುತ್ತದೆ.

ಜಾತ್ರೆಯ, ಸತ್ಯಗಣಪತಿ ಉತ್ಸವದ ವೇದಿಕೆ ಕಾರ್ಯಕ್ರಮಗಳನ್ನು ಅಡ್ಡಕ್ಕೆ ಚಿತ್ರೀಕರಿಸಿ ಆಮೇಲೆ ರೀಲ್ಸ್ ಮಾಡಿಕೊಡು ಎನ್ನುತ್ತಾರೆ. 1920×1080ರ ವಿಡಿಯೊದಿಂದ 9:16 ಕತ್ತರಿಸಿದರೆ ಅಗಲದಲ್ಲಿ 607 ಪಿಕ್ಸೆಲ್ ಮಾತ್ರ ಉಳಿಯುತ್ತದೆ, ಮೂರನೇ ಒಂದು ಭಾಗಕ್ಕಿಂತ ಕಡಿಮೆ. ವೇದಿಕೆಯಲ್ಲಿ ಒಂಬತ್ತು ಜನ ಇದ್ದರೆ ಮೂವರು ಉಳಿದಾರು. ಆದ್ದರಿಂದ ಮೊದಲೇ ಕೇಳು: ಯೂಟ್ಯೂಬಿಗೋ, ಸ್ಟೇಟಸ್ಸಿಗೋ? ಎರಡಕ್ಕೂ ಬೇಕು ಎಂದರೆ ಎರಡು ಫೋನು ನಿಲ್ಲಿಸುವುದೇ ಸರಿ.

ಅರಳಗುಪ್ಪೆಗೆ ಒಂದು ದಿನ ನಿನ್ನನ್ನು ಕರೆದುಕೊಂಡು ಹೋಗಬೇಕು. ನಮ್ಮ ತಾಲ್ಲೂಕಿನಲ್ಲೇ ಇದೆ, ಎಷ್ಟೋ ಜನ ನೋಡಿಲ್ಲ. ಅಲ್ಲಿನ ಕಲ್ಲೇಶ್ವರ ದೇವಸ್ಥಾನ ನೊಳಂಬರ ಕಾಲದ್ದು, 9ನೇ ಶತಮಾನ. ತಲೆಯೆತ್ತಿ ನೋಡಿದರೆ ಚಾವಣಿಯ ನಡುವೆ ನರ್ತಿಸುವ ಶಿವ, ಸುತ್ತಲೂ ತಮ್ಮ ತಮ್ಮ ವಾಹನಗಳ ಮೇಲೆ ಎಂಟು ದಿಕ್ಪಾಲಕರು. ಒಂಬತ್ತು ಅಂಕಣಗಳ ಚೌಕ. ಇವತ್ತು ನಿನ್ನ ಫೋನಿನ ಪರದೆಯ ಮೇಲೆ ಸಂಯೋಜನೆಗೆಂದು ಮೂಡುವ ಅಡ್ಡ ಎರಡು, ಉದ್ದ ಎರಡು ಗೆರೆಗಳೂ ಹೀಗೇ ಒಂಬತ್ತು ಮನೆ ಮಾಡುತ್ತವೆ. ಬಂದವರು ಫೋನನ್ನು ನಿಲ್ಲಿಸಿಕೊಂಡೇ 9:16ರಲ್ಲಿ ಕ್ಲಿಕ್ಕಿಸಿ ಹೋಗುತ್ತಾರೆ. ಎತ್ತರ ಪೂರ್ತಿ ಬಂದರೂ ಅಗಲದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಸಿಗುವುದರಿಂದ ಎಡಬಲದ ಆರು ಅಂಕಣಗಳು ಮುಕ್ಕಾಗುತ್ತವೆ. ದಿಕ್ಪಾಲಕರನ್ನು ಕತ್ತರಿಸಿದ ಮೇಲೆ ದಿಕ್ಕುಗಳೇ ಇಲ್ಲದ ಚಾವಣಿ ಅದು. ಅಲ್ಲಿ ಒಂದು ಉಪಾಯವಿದೆ. ಪೂಜೆಯ ಹೊತ್ತು ಬಿಟ್ಟು, ಅಲ್ಲಿಯವರನ್ನು ಕೇಳಿ, ಫೋನನ್ನು ಶಿವನ ನೇರ ಕೆಳಗೆ ನೆಲದ ಮೇಲೆ ಅಂಗಾತ ಇಡು. ಮುಂದಿನ ಕ್ಯಾಮೆರಾ, ಟೈಮರು, 1:1. ಕೈಯಲ್ಲಿ ಓರೆ ಹಿಡಿದರೆ ಚೌಕದ ಒಂದು ಬದಿ ಕಿರಿದಾಗಿ ಕಾಣುತ್ತದೆ. ನೆಲದ ಮೇಲಿಟ್ಟರೆ ನಾಲ್ಕು ಬದಿಯೂ ಸಮ.

ಆ ಶಿಲ್ಪಿಗಳ ವಿದ್ಯೆಯೇ ಅನುಪಾತದ ಮೇಲೆ ನಿಂತದ್ದು. ಶಿಲ್ಪಶಾಸ್ತ್ರದ ತಾಳಮಾನದಲ್ಲಿ ಮುಖದ ಉದ್ದವೇ ಅಳತೆಗೋಲು. ಒಂದು ಮುಖ ಒಂದು ತಾಳ, ಒಂದು ತಾಳಕ್ಕೆ ಹನ್ನೆರಡು ಅಂಗುಲ. ನವತಾಳದ ಮೂರ್ತಿ ಎಂದರೆ 108 ಅಂಗುಲ. ಈ ಅಂಗುಲ ನಮ್ಮ ಟೇಪಿನ ಅಂಗುಲವಲ್ಲ, ಆ ಮೂರ್ತಿಯದೇ ಮುಖದ ಹನ್ನೆರಡನೇ ಒಂದು ಭಾಗ. ಹಾಗಾಗಿ ಗೇಣುದ್ದದ ಪಂಚಲೋಹದ ಮೂರ್ತಿಗೂ ಆಳೆತ್ತರದ ಕಲ್ಲಿನ ಮೂರ್ತಿಗೂ ಲೆಕ್ಕ ಒಂದೇ. ಕಲ್ಲಿನ ಅಗಲ ಹೆಚ್ಚಿದ್ದರೆ ಶಿಲ್ಪಿ ಪಕ್ಕದಲ್ಲಿ ಬಳ್ಳಿ ಕೆತ್ತಿದ, ಪ್ರಭಾವಳಿ ಕೆತ್ತಿದ, ಚಾಮರದವರನ್ನು ನಿಲ್ಲಿಸಿದ. ದೇವರ ಭುಜ ಹಿಗ್ಗಿಸಲಿಲ್ಲ. ಗಣಪತಿಗೆ ಐದು ತಾಳ ಹೇಳಿದ್ದಾರೆ, ಆತ ಕುಳ್ಳಗೆ ಗುಂಡಗೆ ಇರುವುದೇ ಆತನ ಲಕ್ಷಣ. ಉತ್ಸವಕ್ಕೆ ಸ್ವಾಗತ ಕಮಾನಿನ ಕಂಬಕ್ಕೆ 3 ಅಡಿ ಅಗಲ 10 ಅಡಿ ಎತ್ತರದ ಬಟ್ಟೆ ಬೇಕು ಎಂದು ಹುಡುಗರು ಬರುತ್ತಾರೆ. ಗಣಪತಿಯನ್ನು ಎತ್ತರಕ್ಕೆ ಎಳೆದು ಕೊಟ್ಟರೆ ಅದು ಗಣಪತಿಯಾಗಿ ಉಳಿಯುವುದಿಲ್ಲ ಕಣಮ್ಮ. 3 ಅಡಿ ಅಗಲಕ್ಕೆ ಎಷ್ಟು ಎತ್ತರ ಬರುತ್ತದೋ ಅಷ್ಟರಲ್ಲಿ ಮೂರ್ತಿಯನ್ನು ಕೂರಿಸು. ಮೇಲೆ ತೋರಣ, ಕೆಳಗೆ ಕಾರ್ಯಕ್ರಮದ ವಿವರ. ಹಳಬರು ಪ್ರಭಾವಳಿಯಿಂದ ತುಂಬಿಸಿದ ಜಾಗವನ್ನು ನೀನು ಅಕ್ಷರದಿಂದ ತುಂಬಿಸು.

ಕಂಪ್ಯೂಟರ್ ಬರುವ ಮುಂಚೆ ಬೋರ್ಡು ಬರೆಯುವವರು, ಸಿನಿಮಾ ಕಟೌಟ್ ಬರೆಯುವವರು ಚಿಕ್ಕ ಫೋಟೊದ ಮೇಲೆ ಚೌಕುಳಿ ಗೆರೆ ಹಾಕುತ್ತಿದ್ದರು. ಫೋಟೊದಲ್ಲಿ ಅರ್ಧ ಅಂಗುಲದ ಚೌಕ, ಹಲಗೆಯ ಮೇಲೆ ಅರ್ಧ ಅಡಿಯ ಚೌಕ. ಒಂದೊಂದು ಮನೆಯಲ್ಲಿ ಏನಿದೆಯೋ ಅದನ್ನೇ ದೊಡ್ಡ ಮನೆಗೆ ಬರೆಯುವುದು. ಚೌಕ ಚೌಕವಾಗಿಯೇ ಇರುವವರೆಗೆ ಮುಖ ತಪ್ಪುವುದಿಲ್ಲ. ನಾನು ಮಕ್ಕಳಿಗೆ ಕಲಿಸಿದ್ದೂ ಅದನ್ನೇ. ಕಾಗದದ ಮೇಲೆ ಲೆಕ್ಕ ಮಾಡುವುದಾದರೆ ಶಾಲೆಯ ತ್ರೈರಾಶಿ ಸಾಕು: ಮೂಲದ ಅಗಲಕ್ಕೆ ಇಷ್ಟು ಎತ್ತರವಾದರೆ ಹೊಸ ಅಗಲಕ್ಕೆ ಎಷ್ಟು? 4000×3000ರ ಫೋಟೊವನ್ನು 6 ಅಂಗುಲ ಅಗಲಕ್ಕೆ ಮುದ್ರಿಸಿದರೆ ಎತ್ತರ ನಾಲ್ಕೂವರೆ ಅಂಗುಲ ಬರುತ್ತದೆ. ಸ್ಟುಡಿಯೊದ ಕಾಗದ 6×4. ಅರ್ಧ ಅಂಗುಲ ಹೋಗಲೇಬೇಕು. ಯಂತ್ರಕ್ಕೆ ಬಿಟ್ಟರೆ ಮೇಲಿನಿಂದ ಕಾಲಂಗುಲ, ಕೆಳಗಿನಿಂದ ಕಾಲಂಗುಲ ಕತ್ತರಿಸುತ್ತದೆ, ಹಿಂದಿನ ಸಾಲಿನಲ್ಲಿ ನಿಂತವರ ತಲೆ, ಮುಂದೆ ಕೂತ ಮಕ್ಕಳ ಪಾದ ಹೋಗುತ್ತದೆ. ಗುಂಪು ಫೋಟೊ ತೆಗೆಯುವಾಗ ಎರಡು ಹೆಜ್ಜೆ ಹಿಂದೆ ಸರಿದು ಸುತ್ತ ಜಾಗ ಬಿಟ್ಟಿದ್ದರೆ ಕಷ್ಟವೇ ಇರಲಿಲ್ಲ.

ಮೊಬೈಲಿನ ಅಳತೆಗಳು ಆಗಾಗ ಬದಲಾಗುತ್ತವೆ, ಅದಕ್ಕೆ ಬೇಸರ ಬೇಡ. ಇನ್‌ಸ್ಟಾಗ್ರಾಂ 2010ರಲ್ಲಿ ಶುರುವಾದಾಗ ಚೌಕ ಬಿಟ್ಟರೆ ಬೇರೆ ಇರಲಿಲ್ಲ; 2015ರಲ್ಲಿ ಅಡ್ಡ, ಉದ್ದ ಎರಡಕ್ಕೂ ಅವಕಾಶ ಕೊಟ್ಟರು; 2025ರಲ್ಲಿ ಪ್ರೊಫೈಲಿನ ಜಾಲರಿಯನ್ನೇ 3:4 ಮಾಡಿದರು. ಹಿಂದೆ ಚೌಕಕ್ಕೆಂದು ಮಾಡಿದ ಎಷ್ಟೋ ಪೋಸ್ಟರುಗಳ ಅಂಚಿನ ಅಕ್ಷರ ಅಂದು ಕತ್ತರಿಸಿಹೋಯಿತು. ಈಗ ನಡೆಯುವ ಅಳತೆ ಪೋಸ್ಟಿಗೆ 1080×1350, ಸ್ಟೋರಿಗೆ, ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ 1080×1920, ಯೂಟ್ಯೂಬ್ ಮುಖಚಿತ್ರಕ್ಕೆ 1280×720. ಹೆಸರು, ಫೋನ್ ನಂಬರು, ದಿನಾಂಕ ಯಾವಾಗಲೂ ನಡುವಿನ ಕಡೆಗೆ ಇರಲಿ. ಡಿಪಿ ಎಂದರೆ ಚೌಕ ಚಿತ್ರವನ್ನು ವೃತ್ತದಲ್ಲಿ ತೋರಿಸುವುದು. ಚೌಕದೊಳಗೆ ವೃತ್ತ ಬರೆದರೆ ಐದರಲ್ಲೊಂದು ಭಾಗಕ್ಕಿಂತ ಹೆಚ್ಚು ಜಾಗ ಮೂಲೆಗಳಲ್ಲಿ ಹೋಗುತ್ತದೆ. ಅಂಗಡಿಯ ಲೋಗೊವನ್ನು ಮೂಲೆಯ ತನಕ ತುಂಬಿಸಿ ಕೊಟ್ಟರೆ ಹೆಸರಿನ ಮೊದಲ ಅಕ್ಷರವೂ ಕೊನೆಯ ಅಕ್ಷರವೂ ಕಾಣುವುದಿಲ್ಲ.

ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ಶುಭಾಶಯದ ಪೋಸ್ಟರು ಕೇಳಿಕೊಂಡು ಬರುವವರಿಗೆ ಲೆಕ್ಕವಿಲ್ಲ. ಅಲ್ಲಿ ಮಾತ್ರ ಎರಡು ಪಟ್ಟು ಎಚ್ಚರ ಇರಲಿ. ರಾಷ್ಟ್ರಧ್ವಜದ ಉದ್ದ ಮತ್ತು ಎತ್ತರ 3:2 ಎಂದು ಧ್ವಜಸಂಹಿತೆಯಲ್ಲೇ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ಧ್ವಜ ನೇಯ್ದು ಹೊಲಿಯುತ್ತಾರಲ್ಲ, ಅಲ್ಲಿ 6300×4200 ಮಿ.ಮೀ.ನ ದೊಡ್ಡ ಧ್ವಜಕ್ಕೂ ಮೇಜಿನ ಮೇಲಿಡುವ 150×100 ಮಿ.ಮೀ.ನ ಚಿಕ್ಕ ಧ್ವಜಕ್ಕೂ ಅನುಪಾತ ಒಂದೇ. ಅಳತೆ ತಪ್ಪಿದರೆ ಅದು ಧ್ವಜವಾಗಿ ಹೊರಗೆ ಬರುವುದಿಲ್ಲ. ನಾವು ಸ್ಟೇಟಸ್ಸಿನ ನಿಂತ ಚೌಕಟ್ಟಿಗೆ ಅದನ್ನು ಎಳೆದು ಅಶೋಕಚಕ್ರವನ್ನು ಮೊಟ್ಟೆಯಾಕಾರ ಮಾಡಿ ಹಂಚುವುದು ಸರಿಯೇ? ಯಾವ ಚಿತ್ರ ಎಳೆದದ್ದು, ಯಾವುದು ಎಳೆಯದ್ದು ಎಂದು ಅನುಮಾನ ಬಂದಾಗ ಚಿತ್ರದಲ್ಲಿ ಗುಂಡಗಿರುವುದನ್ನು ಹುಡುಕು. ಚಕ್ರ, ಗಡಿಯಾರ, ಹಣೆಯ ಕುಂಕುಮ, ಬೈಕಿನ ಗಾಲಿ, ಎದುರಿನಿಂದ ತೆಗೆದ ಉಂಡೆ ಕೊಬ್ಬರಿ. ಅದು ಗುಂಡಗಿದ್ದರೆ ಮಿಕ್ಕದ್ದೂ ಸರಿಯಿದೆ.

ಕನ್ನಡದ ಅಕ್ಷರಗಳಿಗೂ ಇದೇ ನ್ಯಾಯ. ನಮ್ಮ ಲಿಪಿ ಪೂರ್ತಿ ದುಂಡು. ತಲೆಕಟ್ಟಿನ ಕೆಳಗೆ ಸುತ್ತಿಕೊಂಡ ಗೆರೆಗಳಿಗೆ ಫಾಂಟು ಮಾಡಿದವರು ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಕೂತು ಯೋಚಿಸಿರುತ್ತಾರೆ. ಉದ್ದದ ಹೆಸರು ಹಿಡಿಸುತ್ತಿಲ್ಲವೆಂದು ಎರಡು ಬದಿಯಿಂದ ಒತ್ತಿದರೆ ನಿಂತ ಗೆರೆಗಳು ಸೊರಗಿ ಮಲಗಿದ ಗೆರೆಗಳು ದಪ್ಪವಾಗಿಯೇ ಉಳಿಯುತ್ತವೆ. ದೂರದಿಂದ 'ರ'ಕ್ಕೂ 'ಠ'ಕ್ಕೂ ವ್ಯತ್ಯಾಸ ಹೋಗುತ್ತದೆ. ಎತ್ತರ ಕುಗ್ಗಿಸಿದರೆ ಒತ್ತಕ್ಷರಗಳು ಓದಲು ಬರುವುದಿಲ್ಲ. 'ಚಿಕ್ಕನಾಯಕನಹಳ್ಳಿ' ಎಂದು ಒಂದು ಸಾಲಿನಲ್ಲಿ ಬರೆಯಬೇಕಾದ ಕಷ್ಟ ನಿನಗೆ ಬಂದೇ ಬರುತ್ತದೆ. ಅದಕ್ಕೆ ಅಗಲ ಕಡಿಮೆ ಇರುವಂತೆಯೇ ರೂಪಿಸಿದ ಅಕ್ಷರಗಳನ್ನು ಬಳಸು. 2022ರಲ್ಲಿ ಬಂದ 'ಅನೇಕ್ ಕನ್ನಡ' ಫಾಂಟಿನಲ್ಲಿ ಕಿರಿದರಿಂದ ಅಗಲದವರೆಗೆ ಬೇರೆ ಬೇರೆ ಮಟ್ಟಗಳಿವೆ, ಉಚಿತವಾಗಿಯೂ ಸಿಗುತ್ತದೆ. ಅದರಲ್ಲಿ ಅಕ್ಷರ ಕಿರಿದಾದರೂ ಗೆರೆಯ ತೂಕ ಕೆಡುವುದಿಲ್ಲ. ಇಲ್ಲವಾದರೆ ಗಾತ್ರ ಒಂದು ಹಂತ ಇಳಿಸು, ಅಥವಾ ಎರಡು ಸಾಲು ಮಾಡು.

ಎಣ್ಣೆಯ ಬಾಟಲಿ ಇನ್ನೊಂದು ಬಗೆಯ ಚೌಕಟ್ಟು. 7 ಸೆಂ.ಮೀ. ವ್ಯಾಸದ ಬಾಟಲಿಯನ್ನು ಸುತ್ತಲು 22 ಸೆಂ.ಮೀ. ಉದ್ದದ ಲೇಬಲ್ಲು ಬೇಕು. ಕಂಪ್ಯೂಟರಿನಲ್ಲಿ ಅದು 22×10ರ ಅಡ್ಡ ಪಟ್ಟಿಯಾಗಿ ಕಾಣುತ್ತದೆ, ನೀನು ಹೆಸರನ್ನು ಉದ್ದಕ್ಕೂ ಹರಡಿ ಖುಷಿಪಡುತ್ತೀಯ. ಅಂಗಡಿಯ ಕಪಾಟಿನಲ್ಲಿ ಕೊಳ್ಳುವವರಿಗೆ ಎದುರಿಗೆ ಚೆನ್ನಾಗಿ ಕಾಣುವುದು ಅದರ ಮೂರನೇ ಒಂದು ಭಾಗದಷ್ಟು. ಮಿಕ್ಕದ್ದು ಬಾಗಿ ಹಿಂದೆ ಹೋಗಿರುತ್ತದೆ. ಹಾಗಾಗಿ ಮುಖಭಾಗ ಎಂದರೆ 7 ಅಗಲ, 10 ಎತ್ತರದ ನಿಂತ ಚೌಕಟ್ಟು ಎಂದೇ ತಿಳಿದು ಹೆಸರು, ಚಿತ್ರ ಅದರೊಳಗೆ ಕೂರಿಸು. ತಯಾರಿಸಿದವರ ವಿಳಾಸ, ತೂಕ, ಬೆಲೆ ಇವೆಲ್ಲ ಪಕ್ಕಕ್ಕೆ ಹೋಗಲಿ. ಕಾಗದ ಕತ್ತರಿಸಿ ಬಾಟಲಿಗೆ ಸುತ್ತಿ ನೋಡದೆ ಮುದ್ರಣಕ್ಕೆ ಕಳಿಸಬೇಡ.

ತಂತ್ರಾಂಶದ ಬಗ್ಗೆ ಬಾಯಿ ಹಾಕುವುದಿಲ್ಲ ಎಂದೆ, ಆದರೂ ಒಂದು ಕೀಲಿಯ ವಿಷಯ ಹೇಳಲೇಬೇಕು. ಹಳೆಯ ಫೋಟೊಶಾಪಿನಲ್ಲಿ ಶಿಫ್ಟ್ ಒತ್ತಿಕೊಂಡು ಮೂಲೆ ಎಳೆದರೆ ಅನುಪಾತ ಉಳಿಯುತ್ತಿತ್ತು. 2019ರ ಆವೃತ್ತಿಯಿಂದ ಅದು ತಿರುವುಮುರುವಾಯಿತು. ಸುಮ್ಮನೆ ಎಳೆದರೆ ಅನುಪಾತ ಉಳಿಯುತ್ತದೆ, ಶಿಫ್ಟ್ ಒತ್ತಿದರೆ ಮುರಿಯುತ್ತದೆ. ಹಳೆಯ ಅಂಗಡಿಯಲ್ಲಿ ಕಲಿತ ಹುಡುಗನನ್ನು ಕೆಲಸಕ್ಕೆ ಇಟ್ಟುಕೊಂಡರೆ ಮೊದಲ ದಿನವೇ ಇದನ್ನು ತೋರಿಸು, ಬೆರಳಿಗೆ ಬಿದ್ದ ಅಭ್ಯಾಸ ಬೇಗ ಹೋಗುವುದಿಲ್ಲ. ಕೋರೆಲ್‌ಡ್ರಾದಲ್ಲಿ ಅಗಲ, ಎತ್ತರದ ಪಕ್ಕ ಬೀಗದ ಚಿಹ್ನೆ ಇದೆ; ಅದು ಹಾಕಿಯೇ ಇರಲಿ.

ರೈತರೂ ನಿನ್ನ ಹತ್ತಿರ ಬರುತ್ತಾರೆ, ಮರದ ರೋಗದ ಫೋಟೊವನ್ನು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಗೋ ಕಳಿಸಿಕೊಡು ಎಂದು. ಅದಕ್ಕೆ ದುಡ್ಡು ತೆಗೆದುಕೊಳ್ಳಬೇಡ. ಅಣಬೆ ರೋಗದ ಗುರುತು ಬುಡದಲ್ಲೂ ಇರುತ್ತದೆ, ಜೋತುಬಿದ್ದ ಗರಿಗಳಲ್ಲೂ ಇರುತ್ತದೆ. ಹಾಗಾಗಿ ಇಡೀ ಮರದ ಒಂದು ನಿಂತ ಚಿತ್ರ, ಬುಡದ ಒಂದು ಹತ್ತಿರದ ಚಿತ್ರ. ಬಿಳಿನೊಣವಾದರೆ ಗರಿಯ ಅಡಿಭಾಗ, ನುಸಿಯಾದರೆ ಕಾಯಿಯ ತೊಟ್ಟಿನ ಕೆಳಗಿನ ಕಲೆ, ಪಕ್ಕದಲ್ಲಿ ಅಳತೆಗೆ ಒಂದು ನಾಣ್ಯ. ನಾಲ್ಕು ಫೋಟೊವನ್ನು ಒಂದೇ ಚೌಕಕ್ಕೆ ಕೊಲಾಜ್ ಮಾಡಿ ಚೆಂದ ಮಾಡಲು ಹೋಗಬೇಡ. ಆ್ಯಪು ಪ್ರತಿಯೊಂದರ ಅಂಚನ್ನೂ ಕತ್ತರಿಸಿ ಹಾಕುತ್ತದೆ, ಗುರುತು ಇರುವುದು ಆ ಅಂಚಿನಲ್ಲೇ ಆಗಿರಬಹುದು. ಒಂದೊಂದನ್ನೂ ಇದ್ದ ಹಾಗೆಯೇ ಕಳಿಸು.

ಕಡೆಯದಾಗಿ, ಮೂಲ ಫೈಲನ್ನು ಕೇಳಿ ಪಡೆಯುವ ಅಭ್ಯಾಸ ಮಾಡಿಕೋ. ಹತ್ತು ಗುಂಪು ಸುತ್ತಿ ಬಂದ ವಾಟ್ಸ್‌ಆ್ಯಪ್ ಫೋಟೊ ಎಲ್ಲೋ ಕತ್ತರಿಸಿ, ಎಲ್ಲೋ ಎಳೆದು, ಮಸುಕಾಗಿ ಬಂದಿರುತ್ತದೆ. 'ಫೋಟೊ ತೆಗೆದ ಫೋನಿನಿಂದ ಡಾಕ್ಯುಮೆಂಟ್ ಆಗಿ ಕಳಿಸಿ' ಎಂದು ಗಿರಾಕಿಗೆ ಹೇಳು, ಬಾರದವರಿಗೆ ಹೇಗೆಂದು ತೋರಿಸು. ಹಳೆಯ ಅಚ್ಚಿನ ಫೋಟೊ ಆದರೆ ಸ್ಕ್ಯಾನರಿನ ಮೇಲೆ ನೇರವಾಗಿ ಇಟ್ಟು ನಾಲ್ಕೂ ಅಂಚು ಬರುವಂತೆ ತೆಗೆದುಕೊಂಡು, ಅಚ್ಚನ್ನು ಅಂದೇ ಜೋಪಾನವಾಗಿ ವಾಪಸ್ಸು ಕೊಡು. ನಿನ್ನ ಕಂಪ್ಯೂಟರಿನಲ್ಲಿ ಮೂಲಕ್ಕೆ ಒಂದು ಫೋಲ್ಡರು, ಕತ್ತರಿಸಿದ್ದಕ್ಕೆ ಇನ್ನೊಂದು. ಕತ್ತರಿಸಿದ ಫೈಲಿನ ಹೆಸರಿನ ಜೊತೆಯಲ್ಲೇ ಅಳತೆಯನ್ನೂ ಬರೆದಿಡು. ವರ್ಷ ತುಂಬುವ ಹೊತ್ತಿಗೆ ಶ್ರದ್ಧಾಂಜಲಿ ಬ್ಯಾನರು ಮಾಡಿಸಿದ ಮನೆಯವರು ವರ್ಷಾಬ್ದಿಕದ ಪತ್ರಿಕೆಗೆ ಅದೇ ಫೋಟೊ ಕೇಳಿಕೊಂಡು ಬಂದಾಗ, ಕತ್ತರಿಸದ ಪೂರ್ತಿ ಚಿತ್ರವನ್ನು ತೆಗೆದುಕೊಂಡು ಹೊಸ ಚೌಕಟ್ಟಿಗೆ ಹೊಸದಾಗಿ ಕೂರಿಸಿಕೊಡಬಹುದು.